ಟೆನಿಸ್ ಬಾಲ್ ಬಿಟ್ಟು ಲೀಗ್ ಬೌಲಿಂಗಿಗೆ

ತಮಿಳುನಾಡಿನ ಸೇಲಂ, ಧರ್ಮಪುರಿ ಕಡೆಯ ಹಳ್ಳಿಗಳಲ್ಲಿ ಬಹುಕಾಲ ಕ್ರಿಕೆಟ್ ಎಂದರೆ ಟೆನಿಸ್ ಬಾಲ್ ಕ್ರಿಕೆಟ್ಟೇ. ಕೊಯ್ಲಾದ ಹೊಲವೋ ಬತ್ತಿದ ಕೆರೆಯಂಗಳವೋ ಸಿಕ್ಕರೆ ಪಂದ್ಯ ಶುರು. ಲೆದರ್ ಬಾಲಿನಲ್ಲಿ ಲೀಗ್ ಆಡಿ ಹೆಸರು ಮಾಡಬೇಕೆಂದವನು ಚೆನ್ನೈ ರೈಲು ಹತ್ತಬೇಕಿತ್ತು. 1965ರಲ್ಲಿ ಸೇಲಂನಿಂದ ಬೇರೆಯಾದ ಧರ್ಮಪುರಿಗೆ ಚೆನ್ನೈಗಿಂತ ಬೆಂಗಳೂರೇ ಹತ್ತಿರ. ಆದರೂ ರಾಜ್ಯ ತಂಡದ ದಾರಿ ಚೆನ್ನೈಯ ಡಿವಿಷನ್ ಲೀಗಿನಲ್ಲೇ ಹಾದುಹೋಗುತ್ತಿತ್ತು.

ಆ ದಾರಿ ಹಿಡಿದವರು ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ಬೌಲರ್ ಟಿ. ನಟರಾಜನ್. ಅದೇ ಊರಿನ ಜಯಪ್ರಕಾಶ್ ಎಂಬವರು ನಟರಾಜನ್‌ರನ್ನು ಚೆನ್ನೈಗೆ ಕರೆದೊಯ್ದರು. ನಾಲ್ಕನೇ ಡಿವಿಷನ್ನಿನಿಂದ ಆರಂಭವಾದ ಆಟ ಜಾಲಿ ರೋವರ್ಸ್‌ನಂಥ ಹೆಸರಾಂತ ಕ್ಲಬ್ಬಿನವರೆಗೂ ಹೋಯಿತು. 2015ರ ಜನವರಿಯಲ್ಲಿ ರಣಜಿ ಪ್ರವೇಶವಾಯಿತು. ಅದರ ಬೆನ್ನಲ್ಲೇ ಬೌಲಿಂಗ್ ಶೈಲಿಯ ಮೇಲೆ ಆಕ್ಷೇಪ ಬಂತು. ಚೆಂಡೆಸೆಯುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗಕೂಡದು ಎಂಬುದು ನಿಯಮ. ಸುನಿಲ್ ಸುಬ್ರಮಣ್ಯಂ ಮುಂತಾದ ತರಬೇತುದಾರರ ನೆರವಿನಿಂದ ನಟರಾಜನ್ ತಮ್ಮ ಕೈಯನ್ನು ಹೊಸದಾಗಿ ಪಳಗಿಸಿಕೊಂಡರು.

ಅವರ ಯಾರ್ಕರಿನ ಬೇರು ಟೆನಿಸ್ ಬಾಲಿನಲ್ಲೇ ಇದೆ. ಸುಮಾರು 58 ಗ್ರಾಂ ತೂಗುವ ಆ ಚೆಂಡು ಶಾರ್ಟ್ ಬಿದ್ದರೆ ಪುಟಿದು ನಿಲ್ಲುತ್ತದೆ, ಬ್ಯಾಟುಗಾರ ಎತ್ತಿ ಬಾರಿಸುತ್ತಾನೆ. ಕಾಲ್ಬೆರಳಿನ ಹತ್ತಿರ ಹಾಕಿದರಷ್ಟೇ ಬೌಲರ್ ಬಚಾವ್. ಆದರೆ ಸೀಮ್ ಹಿಡಿಯುವುದು, ಹೊಳಪು ಕಾಯುವುದು, ಸ್ವಿಂಗ್ ಮಾಡುವುದು ಇವೆಲ್ಲ 160 ಗ್ರಾಮಿನ ಆಸುಪಾಸಿನ ಲೆದರ್ ಬಾಲಿನಲ್ಲೇ ಕಲಿಯಬೇಕಾದ ವಿದ್ಯೆ. ಅದಕ್ಕೆ ಲೀಗ್ ಬೇಕು.

2016ರಲ್ಲಿ ತಮಿಳುನಾಡು ಪ್ರೀಮಿಯರ್ ಲೀಗ್ ಶುರುವಾಯಿತು. ಅಲ್ಲಿ ದಿಂಡಿಗಲ್ ಪರ ಮಿಂಚಿದ ನಟರಾಜನ್‌ರನ್ನು 2017ರ ಐಪಿಎಲ್‌ಗೆ ಪಂಜಾಬ್ ತಂಡ 3 ಕೋಟಿ ರೂಪಾಯಿಗೆ ಕೊಂಡಿತು. 2020ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಏಕದಿನ ಮತ್ತು ಟಿ20, 2021ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್: ಒಂದೇ ಪ್ರವಾಸದಲ್ಲಿ ಮೂರೂ ಮಾದರಿಗೆ ಕಾಲಿಟ್ಟ ಮೊದಲ ಭಾರತೀಯ ಅವರು. ಬ್ರಿಸ್ಬೇನ್‌ನ ಮೊದಲ ಇನಿಂಗ್ಸ್‌ನಲ್ಲಿ 3 ವಿಕೆಟ್ ಪಡೆದರು, ಭಾರತ ಆ ಟೆಸ್ಟ್ ಗೆದ್ದಿತು. ಊರಿಗೆ ಮರಳಿದಾಗ ಜನ ರಥದಲ್ಲಿ ಕೂರಿಸಿ ಮೆರವಣಿಗೆ ಮಾಡಿದರು.

ನನಗೆ ಆ ಮೆರವಣಿಗೆಗಿಂತ ದೊಡ್ಡದಾಗಿ ಕಾಣುವುದು ಅವರು ಊರಲ್ಲಿ ಕಟ್ಟಿದ ಅಕಾಡೆಮಿ. ಅಲ್ಲೇ ಪಳಗಿದ ಚಿನ್ನಪ್ಪಂಪಟ್ಟಿಯ ಜಿ. ಪೆರಿಯಸ್ವಾಮಿ 2019ರ ತಮಿಳುನಾಡು ಲೀಗಿನ ಫೈನಲ್‌ನಲ್ಲಿ 15 ರನ್ನಿಗೆ 5 ವಿಕೆಟ್ ಕಿತ್ತರು. 2020ರಲ್ಲಿ ವಾಳಪ್ಪಾಡಿ ಬಳಿ ಸೇಲಂ ಕ್ರಿಕೆಟ್ ಫೌಂಡೇಶನ್ನಿನ ಮೈದಾನ ಉದ್ಘಾಟನೆಯಾದಾಗ ನಮ್ಮ ರಾಹುಲ್ ದ್ರಾವಿಡ್ ಕೂಡ ಬಂದಿದ್ದರು. 2022ರಲ್ಲಿ ರಾಜ್ಯ ಲೀಗಿನ ಪಂದ್ಯಗಳು ಅಲ್ಲಿಗೇ ಬಂದವು. 2023ರ ಜೂನ್‌ನಲ್ಲಿ ದಿನೇಶ್ ಕಾರ್ತಿಕ್ ಚಿನ್ನಪ್ಪಂಪಟ್ಟಿಯ ಮೈದಾನವನ್ನು ಉದ್ಘಾಟಿಸಿದರು.

ಹುಡುಗರಿಗೆ ಆಸೆ ಚಿಗುರಿದೆ. ಆದರೆ ಇಂಥ ಟಿ20 ಲೀಗಿನಲ್ಲಿ ಒಬ್ಬ ಬೌಲರ್‌ಗೆ ಸಿಗುವುದು ನಾಲ್ಕೇ ಓವರ್. ಅಷ್ಟರಲ್ಲಿ ಬೌಲರ್ ತಯಾರಾಗುವುದಿಲ್ಲ. ಆದ್ದರಿಂದ ಎರಡೂ ಜಿಲ್ಲೆಗಳ ದಾನಿಗಳಲ್ಲಿ, ಶಾಲೆಗಳ ಪಿ.ಟಿ. ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಟೆನಿಸ್ ಬಾಲ್ ಟೂರ್ನಮೆಂಟಿನ ಬಹುಮಾನಕ್ಕೆ ಕೊಡುವ ಹಣದಲ್ಲಿ ಒಂದು ಪಾಲನ್ನು ಲೆದರ್ ಬಾಲಿಗೆ, ಮ್ಯಾಟಿಗೆ, ಲೀಗಿಗೆ ಹೋಗುವ ಹುಡುಗ ಹುಡುಗಿಯರ ಬಸ್ ಚಾರ್ಜಿಗೆ ಎತ್ತಿಡಿ.