ಕೈಪಿಡಿಯಿಲ್ಲದ ಪೆಟ್ಟಿಗೆ



1953ರಲ್ಲಿ ಆಲೂರು ತಾಲ್ಲೂಕು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಮೇಲೂ ನಮ್ಮ ಶಾಲೆಯ ದಾಸ್ತಾನು ಪುಸ್ತಕ ಕನ್ನಡದಲ್ಲಿಯೇ ಮುಂದುವರಿಯಿತು. ಅದರಲ್ಲಿ ಒಂದು ಪೆಟ್ಟಿಗೆಯ ಎದುರು ‘ವಿದ್ಯುತ್ ಸಾಮಾನು’ ಎಂದಷ್ಟೇ ಬರೆದಿದೆ. ಕೈಪಿಡಿಯಿಲ್ಲ, ನಕ್ಷೆಯಿಲ್ಲ. ಕಳೆದ ವರ್ಷ ಅದನ್ನು ಗುಜರಿಗೆ ಹಾಕಲು ನಾನೇ ಲೇಖನಿ ಎತ್ತಿದ್ದೆ. ಹತ್ತನೆಯ ತರಗತಿಯ ಮಕ್ಕಳು ಒಂದು ವಾರದ ಅವಕಾಶ ಬೇಡಿದರು.

ತಂತಿ ಸುತ್ತಿದ ಕಪ್ಪು ಫೆರೈಟ್ ಕಡ್ಡಿಯನ್ನು ಕಂಡೊಡನೆ ಇದು ರೇಡಿಯೋ ಜೋಡಣೆಯ ಸಾಮಾನೆಂದು ತಿಳಿಯಿತು. ಮಧ್ಯಮ ತರಂಗಗಳನ್ನು ಹಿಡಿಯುವ ಆಂಟೆನಾ ಅದೇ. ರೋಧಕಗಳ ಬಣ್ಣದ ಪಟ್ಟಿಗಳನ್ನು ಮಕ್ಕಳೇ ಓದಿದರು: ಹಳದಿ, ನೇರಳೆ, ಕೆಂಪು ಎಂದರೆ 4,700 ಓಮ್. ಎಸಿ128 ಎಂಬ ಟ್ರಾನ್ಸಿಸ್ಟರಿನಲ್ಲಿ ‘ಎ’ ಜರ್ಮೇನಿಯಮ್ಮನ್ನೂ ‘ಸಿ’ ಧ್ವನಿಯ ಆವರ್ತನವನ್ನೂ ಸೂಚಿಸುತ್ತವೆ. ಅದು ಪಿಎನ್‌ಪಿ ಜಾತಿಯದು; ಬ್ಯಾಟರಿಯ ಧನಾಗ್ರ ಎಮಿಟರ್ ಕಡೆಗಿರಬೇಕು. ಅವಸರದಲ್ಲಿ ತಿರುಗಿಸಿ ಜೋಡಿಸಿದ್ದರೆ ಕೆಡುತ್ತಿತ್ತು.

ಎಎಫ್117ಕ್ಕೆ ಮಾತ್ರ ನಾಲ್ಕು ಕಾಲು. ಮೂರೇ ಕಾಲೆಂದು ಇಷ್ಟು ವರ್ಷ ಪಾಠ ಹೇಳಿದ ನಾನು ತಬ್ಬಿಬ್ಬಾದೆ! ನಾಲ್ಕನೆಯದು ಲೋಹದ ಕವಚಕ್ಕೆ ಸೇರಿದ್ದು. ದಶಕಗಳು ಉರುಳಿದಂತೆ ಒಳಗೆ ಕೂದಲಿಗಿಂತ ಸಣ್ಣ ತವರದ ಎಳೆಗಳು ಬೆಳೆದು ಕವಚವನ್ನು ಮುಟ್ಟುತ್ತವೆ, ಟ್ರಾನ್ಸಿಸ್ಟರ್ ಮೂಕವಾಗುತ್ತದೆ. ಆ ಕಾಲನ್ನು ಕತ್ತರಿಸಿದರೆ ಎಷ್ಟೋ ಸಲ ಮತ್ತೆ ದುಡಿಯುತ್ತದೆ. ನಮ್ಮ ಎರಡರಲ್ಲಿ ಒಂದು ದುಡಿಯಿತು.

ರೇಡಿಯೋ ಇನ್ನೂ ಹಾಡಿಲ್ಲ. ಧ್ವನಿವರ್ಧಕದ ಕಾಗದ ಹರಿದಿದೆ. ಆದರೆ ಪ್ರತಿಯೊಂದು ಬಿಡಿಭಾಗದ ಹೆಸರು, ಬಣ್ಣ, ಬೆಲೆಗಳನ್ನು ಮಕ್ಕಳು ಕನ್ನಡದಲ್ಲಿ ಬರೆದ ನಾಲ್ಕು ಹಾಳೆಗಳು ಈಗ ಆ ಪೆಟ್ಟಿಗೆಯಲ್ಲಿವೆ. ದಾಸ್ತಾನು ಪುಸ್ತಕದ ಸಾಲನ್ನು ನಾನು ತಿದ್ದಿ ರುಜು ಮಾಡಿದ್ದೇನೆ.