ಎಳೆಯರ ಕಾದಂಬರಿಯೂ ಬರೆಯುವವನ ಕಷ್ಟಗಳೂ

(ಅಮರಗೋಳದಲ್ಲಿ ಕೂಡಿದ ಶಿಕ್ಷಕರ ಹಾಗೂ ಊರ ಸದ್ಗೃಹಸ್ಥರ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ದೊಡ್ಡವರಿಗಾಗಿ ಬರೆಯುವದು ಕಷ್ಟ, ಮಕ್ಕಳಿಗಾಗಿ ಬರೆಯುವದು ಸುಲಭ ಎಂಬ ಭಾವನೆಯು ನಮ್ಮಲ್ಲಿ ಬೇರೂರಿರುವದು. ಇದು ಎಷ್ಟು ಪೊಳ್ಳು ಎಂಬದನ್ನು ತಮ್ಮ ಮುಂದಿಡಲು ನಿಂತಿರುವೆನು.

ಈ ಕಾರ್ಯಕ್ಕೆ ಕನ್ನಡದಲ್ಲಿ ಒಳ್ಳೆಯ ಅಡಿಪಾಯವೇ ಬಿದ್ದಿತ್ತು. ಪಂಜೆ ಮಂಗೇಶರಾಯರು (1874–1937) ಮಕ್ಕಳ ಕಿವಿಯನ್ನರಿತು ಕಥೆ ಹೇಳಿದರು. 1933ರಲ್ಲಿ ‘ಚೋಮನ ದುಡಿ’ಯನ್ನಿತ್ತ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ರಚಿಸಿದರು. ಚಿಕ್ಕವರಿಗೆ ಕಥೆಯೂ ದೊರೆಯಿತು, ಜ್ಞಾನವೂ ದೊರೆಯಿತು. ಆದರೆ ಹತ್ತರಿಂದ ಹದಿನೈದರ ಪ್ರಾಯದವರು ಬಯಸುವದು ಹಲವು ದಿನ ಜೊತೆಗಿರುವ ದೀರ್ಘ ಕಥೆಯನ್ನು. ಆ ವಯಸ್ಸಿನಲ್ಲಿ ಮೆಚ್ಚಿನ ಕನ್ನಡ ಪುಸ್ತಕ ಸಿಗದ ಹುಡುಗನು ಮುಂದೆ ಕನ್ನಡದ ಓದುಗನಾಗಿ ಮರಳಿ ಬರುವದು ದುರ್ಲಭವು.

ಈ ಕೆಲಸಕ್ಕೆ ಕೈಯಿಕ್ಕಿದವರಲ್ಲಿ ಸಾಗರದ ನಾ. ಡಿಸೋಜಾ ಅವರು (1937–2025) ಒಬ್ಬರು. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆ ಬೆಳಕನ್ನಿತ್ತಿತು. ಅನೇಕ ಹಳ್ಳಿಗಳನ್ನು ನೀರಿಗೂ ಇಕ್ಕಿತು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಅವರು ಈ ದುಃಖವನ್ನು ದೊಡ್ಡವರಿಗೆ ಹೇಳಿದರು. ಮಕ್ಕಳಿಗಾಗಿ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಕಾದಂಬರಿ ಬರೆದರು. ಅದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಬಾಲಸಾಹಿತ್ಯ ಪುರಸ್ಕಾರವು ಸಂದಿತು.

ಇಲ್ಲಿರುವ ತೊಡಕನ್ನು ಯೋಚಿಸಿರಿ. ಮುಳುಗಡೆಯೆಂದೊಡನೆ ನನ್ನಂಥ ವಕೀಲನಿಗೆ ನೆನಪಾಗುವದು ಭೂಸ್ವಾಧೀನ, ಪರಿಹಾರಧನ, ಖಾತೆ-ಪಹಣಿ. ಹನ್ನೆರಡು ವರ್ಷದ ಹುಡುಗಿಗೆ ಇವು ಏನು? ಅವಳು ಕಳೆದುಕೊಳ್ಳುವದು ಹತ್ತಿದ ಮರವನ್ನು, ಶಾಲೆಯ ದಾರಿಯನ್ನು, ಜೊತೆಗಾರ್ತಿಯನ್ನು. ಸಂಗತಿಯು ಒಂದೇ, ತೂಗುವ ತಕ್ಕಡಿ ಬೇರೆ. ತನಗೆ ತಿಳಿದುದರಲ್ಲಿ ಮುಕ್ಕಾಲು ಪಾಲನ್ನು ಬದಿಗಿಟ್ಟು, ಉಳಿದ ಕಾಲು ಪಾಲಿನಲ್ಲಿ ಸುಳ್ಳು ಸೇರದಂತೆ ನೋಡಿಕೊಳ್ಳುವದು ಕಾದಂಬರಿಕಾರನಿಗೆ ಮೊದಲನೆಯ ಪರೀಕ್ಷೆ.

ಮಕ್ಕಳಿಗೆ ದುಃಖವನ್ನೇ ತೋರಬಾರದೆಂಬವರುಂಟು. ಪುಣ್ಯಕೋಟಿಯು ಕರುವನ್ನು ಬಿಟ್ಟು ಹುಲಿಯ ಬಳಿಗೆ ಹೊರಡುವದನ್ನು ಕೇಳಿ ಅಳದ ಕನ್ನಡ ಮಗುವಾವದು? ಅತ್ತ ಮಗುವು ನಾಳೆಯೂ ಅದೇ ಕಥೆಯನ್ನೇ ಬೇಡುವದು. ಕೊಟ್ಟ ಮಾತು ನಿಲ್ಲುವದೆಂಬ ಆಸರೆಯು ಅದರಲ್ಲಿರುವದರಿಂದಲೇ ಆ ದುಃಖವು ಸಹ್ಯವಾಗುವದು. ಎಳೆಯರ ಎದೆಯು ದುಃಖವನ್ನು ತಾಳಬಲ್ಲದು. ಆಸರೆಯಿಲ್ಲದ ಕತ್ತಲೆಯನ್ನು ತಾಳಲಾರದು. ಆ ಆಸರೆಯು ಹುಸಿಯಾಗದಂತೆ ಕಟ್ಟುವದು ಎರಡನೆಯ ಕಷ್ಟ.

ಮೂರನೆಯದು ಉಪದೇಶದ ಚಪಲ. ಬೊಳುವಾರು ಮಹಮದ್ ಕುಂಞಿ ಅವರು ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ ಬರೆದು 2010ರಲ್ಲಿ ಇದೇ ಪುರಸ್ಕಾರವನ್ನು ಪಡೆದರು. ಹೆಸರೇ ಹೇಳುವಂತೆ ಮಹಾತ್ಮರೂ ಒಮ್ಮೆ ಪಾಪುವೇ. ಬಾಲ್ಯದಲ್ಲಿ ಅಣ್ಣನ ಕಡಗದಿಂದ ಚೂರು ಚಿನ್ನ ಕದ್ದುದನ್ನೂ ತಂದೆಗೆ ಚೀಟಿ ಬರೆದು ಒಪ್ಪಿಕೊಂಡುದನ್ನೂ ಗಾಂಧೀಜಿಯವರೇ ಆತ್ಮಕಥೆಯಲ್ಲಿ ಹೇಳಿರುವರು. ಉಪದೇಶಕನು ಕಳವನ್ನು ಮುಚ್ಚಿ ಕಲ್ಲಿನ ಮೂರ್ತಿಯನ್ನು ನಿಲ್ಲಿಸುವನು. ಕಥೆಗಾರನು ಆ ಕಳವಿನಿಂದಲೇ ಆರಂಭಿಸುವನು. ಯಾಕಂದರೆ ಬೆಲ್ಲ ಕದ್ದ ಹುಡುಗನು ಅಲ್ಲಿ ತನ್ನನ್ನು ಕಾಣುವನು.

ಇನ್ನು ಭಾಷೆ. 1956ರಲ್ಲಿ ಕನ್ನಡ ನಾಡು ಒಂದಾಯಿತು. ನುಡಿಯ ಬಗೆಗಳು ಹಲವಾಗಿಯೇ ಉಳಿದವು, ಉಳಿಯಲೂ ಬೇಕು. ‘ರೊಟ್ಟಿ’ಯೆಂದರೆ ಅಮರಗೋಳದ ಮಗುವಿಗೆ ಜೋಳದ್ದು, ಮಲೆನಾಡಿನ ಮಗುವಿಗೆ ಅಕ್ಕಿಯದು. ಊರ ಮಾತನ್ನೆಲ್ಲ ತೊಳೆದು ಬರೆದರೆ ಕಥೆಯು ಯಾವ ಊರಿನದೂ ಆಗದು. ಹಾಗೆಯೇ ಬಿಟ್ಟರೆ ಪರವೂರ ಮಗುವು ಎಡವುವದು. ಮಾತನ್ನು ಉಳಿಸಿ, ಸಂದರ್ಭದಿಂದಲೇ ಅರ್ಥ ಹೊಳೆಯುವಂತೆ ಮಾಡುವದು ನಾಡನ್ನು ನಾಡಿಗೆ ಪರಿಚಯಿಸುವ ಕಾರ್ಯವೂ ಹೌದು.

ಕಡೆಯ ಕಷ್ಟಕ್ಕೆ ಹೊಣೆಗಾರರು ನಾವೇ. ಈ ವ್ಯಾಜ್ಯದಲ್ಲಿ ಮಗುವೇ ಪಕ್ಷಗಾರ. ಆದರೆ ಅದರ ಮಾತನ್ನು ಕೇಳುವವರಿಲ್ಲ. ಪುಸ್ತಕವನ್ನು ಆರಿಸುವವನು ತಂದೆ, ಕೊಳ್ಳುವದು ಶಾಲೆ. ಇಬ್ಬರೂ ಕೇಳುವದು ಒಂದೇ ಪ್ರಶ್ನೆ: “ಇದರಲ್ಲಿ ನೀತಿಯೇನು?” ಹೀಗಾಗಿ ಲೇಖಕನು ಮಗುವನ್ನು ಮರೆತು ನಮ್ಮನ್ನೇ ಮೆಚ್ಚಿಸತೊಡಗುವನು.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ವಾರಕ್ಕೊಮ್ಮೆ ಕಡೆಯ ತಾಸಿನಲ್ಲಿ ಒಂದು ಕಾದಂಬರಿಯ ಅಧ್ಯಾಯವನ್ನು ಗಟ್ಟಿಯಾಗಿ ಓದಿರಿ. ಪ್ರಶ್ನೆ ಕೇಳಬೇಡಿರಿ, ನೀತಿ ಹೇಳಬೇಡಿರಿ. ಕುತೂಹಲವು ಏರಿದಲ್ಲಿ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೊರಗೆ ಹೋಗಿರಿ. ಯಾರ ಕೈ ಅದರತ್ತ ಚಾಚುವದೋ ನೋಡಿರಿ. ಬರೆಯಬಲ್ಲವರಿಗೆ ಇನ್ನೊಂದು ಮಾತು: ಇಲ್ಲಿಯ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲನ ಮಗನ ಬದುಕಿನಲ್ಲಿಯೂ ಒಂದು ಕಾದಂಬರಿಗೆ ಸಾಕಾಗುವಷ್ಟು ಸುಖದುಃಖಗಳಿವೆ. ಅದನ್ನು ಅವನೇ ಓದಿ ಒಪ್ಪುವಂತೆ ಬರೆಯಿರಿ.