ರಾಕೆಟ್ಟಿಗೆ ಯಾವ ಟೇಪು?

ಮಕ್ಕಳೇ, ರಾಕೆಟ್ ಎಂದ ಕೂಡಲೇ ನಿಮಗೆ ಬೆಂಕಿ, ಹೊಗೆ, ಸದ್ದು ನೆನಪಾಗುತ್ತವೆ ಅಲ್ಲವೇ? ಆದರೆ ಮಾದರಿ ರಾಕೆಟ್ ಕಟ್ಟುವವರ ಮೇಜಿನ ಮೇಲೆ ಬೆಂಕಿಯೂ ಇರುವುದಿಲ್ಲ, ಹೊಗೆಯೂ ಇರುವುದಿಲ್ಲ. ಅಲ್ಲಿರುವುದು ರಟ್ಟಿನ ಕೊಳವೆ, ಹಗುರವಾದ ಬಾಲ್ಸಾ ಮರದ ರೆಕ್ಕೆಗಳು, ಅಂಟು, ಬಣ್ಣ, ಜೊತೆಗೆ ನಾಲ್ಕೈದು ಬಗೆಯ ಟೇಪಿನ ಸುರುಳಿಗಳು. ಇಷ್ಟು ಬಗೆ ಏಕೆ? ಗಟ್ಟಿಯಾಗಿ ಅಂಟುವ ಒಂದೇ ಟೇಪು ಸಾಲದೇ?

ಸಾಲದು. ರಾಕೆಟ್ಟಿನಲ್ಲಿ ಕೆಲವು ಭಾಗಗಳು ಕೊನೆಯವರೆಗೂ ಕದಲಬಾರದು. ಇನ್ನು ಕೆಲವು ಸರಿಯಾದ ಹೊತ್ತಿಗೆ ಬಿಟ್ಟುಕೊಡಲೇಬೇಕು. ಬಣ್ಣ ಬಳಿಯುವಾಗ ಹಚ್ಚಿದ ಟೇಪಂತೂ ಕೆಲಸ ಮುಗಿದ ಮೇಲೆ ಗುರುತೂ ಉಳಿಸದೆ ಎದ್ದು ಬರಬೇಕು. ಆದ್ದರಿಂದ ಟೇಪು ಆರಿಸುವಾಗ ‘ಎಷ್ಟು ಚೆನ್ನಾಗಿ ಅಂಟುತ್ತದೆ?’ ಎಂಬ ಪ್ರಶ್ನೆಯ ಜೊತೆಗೆ ‘ಯಾವಾಗ ಬಿಡಬೇಕು?’ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು.

ಟೇಪು ಅಂಟುವುದು ಹೇಗೆ?

ಟೇಪಿನಲ್ಲಿ ಮುಖ್ಯವಾಗಿ ಎರಡು ಪದರಗಳಿವೆ. ಮೇಲಿನದು ಕಾಗದ, ಪ್ಲಾಸ್ಟಿಕ್ ಅಥವಾ ಬಟ್ಟೆಯ ಪಟ್ಟಿ. ಕೆಳಗಿನದು ಕೂದಲೆಳೆಗಿಂತ ತೆಳುವಾದ ಅಂಟು. ಮರಕ್ಕೆ ಹಚ್ಚುವ ಅಂಟು ಒಣಗಿ ಗಟ್ಟಿಯಾದ ಮೇಲೆ ಹಿಡಿಯುತ್ತದೆ. ಟೇಪಿನ ಅಂಟು ಒಣಗುವುದೇ ಇಲ್ಲ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಹತ್ತುವ ಮೇಣವನ್ನು ನೆನೆಸಿಕೊಳ್ಳಿ. ಅದು ಬೆರಳಿನ ಗೆರೆಗಳ ಒಳಗೆ ಮೆಲ್ಲಗೆ ಹರಿದು ಕೂರುತ್ತದೆ, ಎಳೆದರೆ ನೂಲಾಗಿ ಜಗ್ಗುತ್ತದೆ. ಟೇಪಿನ ಅಂಟಿಗೂ ಈ ಎರಡು ಗುಣಗಳಿವೆ. ಒತ್ತಿದಾಗ ಅದು ದ್ರವದ ಹಾಗೆ ಹರಿಯುತ್ತದೆ, ಎಳೆದಾಗ ಘನದ ಹಾಗೆ ತಡೆಯುತ್ತದೆ.

ನುಣುಪಾಗಿ ಕಾಣುವ ಗಾಜಿನ ಮೇಲೂ ಕಣ್ಣಿಗೆ ಕಾಣದ ತಗ್ಗುದಿಣ್ಣೆಗಳಿವೆ. ಟೇಪನ್ನು ಒತ್ತಿದಾಗ ಅಂಟು ಆ ತಗ್ಗುಗಳಿಗೆ ಇಳಿಯುತ್ತದೆ. ಆಗ ಅಂಟಿನ ಅಣುಗಳೂ ಗಾಜಿನ ಅಣುಗಳೂ ತೀರಾ ಹತ್ತಿರ ಬಂದು ಒಂದನ್ನೊಂದು ಸೆಳೆಯುತ್ತವೆ. ಈ ಸೆಳೆತಕ್ಕೆ ವಾನ್ ಡರ್ ವಾಲ್ಸ್ ಬಲ ಎಂದು ಹೆಸರು. ಒಂದೊಂದು ಅಣುವಿನ ಸೆಳೆತ ಅತಿ ಸಣ್ಣದು, ಆದರೆ ಕೋಟಿ ಕೋಟಿ ಅಣುಗಳ ಸೆಳೆತ ಸೇರಿದಾಗ ಟೇಪು ಬಿಗಿಯಾಗಿ ಕೂರುತ್ತದೆ. ಟೇಪು ಹಚ್ಚಿದ ಮೇಲೆ ಉಗುರಿನಿಂದಲೋ ಚಮಚದ ಬೆನ್ನಿನಿಂದಲೋ ಉಜ್ಜಬೇಕು ಎನ್ನುವುದು ಇದಕ್ಕಾಗಿಯೇ.

ಮಧ್ಯೆ ಧೂಳು ಬಂದರೆ? 1972ರ ಡಿಸೆಂಬರಿನಲ್ಲಿ ಅಪೋಲೊ 17ರ ಯಾತ್ರಿಕರಾದ ಯೂಜೀನ್ ಸರ್ನನ್ ಮತ್ತು ಹ್ಯಾರಿಸನ್ ಶ್ಮಿಟ್ ಚಂದ್ರನ ಮೇಲೆ ಪುಟ್ಟ ಬಂಡಿಯೊಂದನ್ನು ಓಡಿಸಿದರು. ಸರ್ನನ್ ಅವರ ಸುತ್ತಿಗೆ ತಗುಲಿ ಅದರ ಒಂದು ಮಡ್‌ಗಾರ್ಡಿನ ತುಂಡು ಕಳಚಿಹೋಯಿತು. ಅವರು ಅದನ್ನು ಬಟ್ಟೆಯ ಪಟ್ಟಿಯಿರುವ ಡಕ್ಟ್ ಟೇಪಿನಿಂದ ಅಂಟಿಸಿದರು. ಆದರೆ ಎಲ್ಲೆಲ್ಲೂ ಚಂದ್ರನ ಧೂಳು! ಟೇಪು ಧೂಳನ್ನು ಹಿಡಿಯಿತು, ಮಡ್‌ಗಾರ್ಡನ್ನು ಹಿಡಿಯಲಿಲ್ಲ. ಬಂಡಿ ಓಡುತ್ತಿದ್ದ ಹಾಗೆ ಆ ತುಂಡು ಮತ್ತೆ ಬಿದ್ದುಹೋಯಿತು. ಬಳಿಕ ನೌಕೆಯೊಳಗೆ ನಾಲ್ಕು ನಕ್ಷೆಗಳ ಹಾಳೆಗಳನ್ನು ಅದೇ ಟೇಪಿನಿಂದ ಒಂದಕ್ಕೊಂದು ಜೋಡಿಸಿದರು. ಶುಚಿಯಾದ ಹಾಳೆಗೆ ಟೇಪು ಚೆನ್ನಾಗಿ ಹಿಡಿಯಿತು. ಧೂಳಾಗಿದ್ದ ಬಂಡಿಗೆ ಮಾತ್ರ ಆ ಹಾಳೆಗಳನ್ನು ಟೇಪಿನ ಬದಲು ಕ್ಲಾಂಪಿನಿಂದ ಬಿಗಿದರು. ನಿಮ್ಮ ರಾಕೆಟ್ಟಿಗೂ ಇದೇ ನಿಯಮ: ಮೊದಲು ಒಣಬಟ್ಟೆಯಿಂದ ಒರೆಸಿ, ಆಮೇಲೆ ಟೇಪು ಹಚ್ಚಿ.

ಮೋಟಾರು ಉಳಿಯಬೇಕು, ಮೂತಿ ಹೋಗಬೇಕು

ಈಗ ನಾವು ನೋಡುವ ಬಗೆಯ ಮಾದರಿ ರಾಕೆಟ್ಟಿನ ಹುಟ್ಟೂರು ಅಮೆರಿಕದ ನೆಬ್ರಾಸ್ಕ ರಾಜ್ಯದ ನಾರ್ಫೋಕ್. ಅಲ್ಲಿ 1954ರಲ್ಲಿ ಆರ್ವಿಲ್ ಮತ್ತು ರಾಬರ್ಟ್ ಕಾರ್ಲೈಲ್ ಎಂಬ ಅಣ್ಣತಮ್ಮಂದಿರು ಇದನ್ನು ರೂಪಿಸಿದರು. ಇದರ ಸಾಮಾನ್ಯ ಮೋಟಾರು ರಟ್ಟಿನ ಪುಟ್ಟ ಕೊಳವೆ: 18 ಮಿಲಿಮೀಟರ್ ಅಗಲ, 70 ಮಿಲಿಮೀಟರ್ ಉದ್ದ. ಅದರ ಮೇಲೆ ಬಿ6-4 ಎಂದು ಬರೆದಿದ್ದರೆ, ‘ಬಿ’ ಎಂಬುದು ಒಟ್ಟು ತಳ್ಳುವಿಕೆ ಎಷ್ಟು ಎನ್ನುವುದನ್ನು ಸೂಚಿಸುತ್ತದೆ, 6 ಎಂದರೆ ಸರಾಸರಿ 6 ನ್ಯೂಟನ್ ಬಲ. ಕೊನೆಯ 4 ಏನು ಗೊತ್ತೇ? ಉರಿದು ಮುಗಿದ ನಾಲ್ಕು ಸೆಕೆಂಡಿನ ಬಳಿಕ ಮೋಟಾರಿನ ತಲೆಯಲ್ಲಿರುವ ಚಿಟಿಕೆ ಮದ್ದು ‘ಠಪ್’ ಎಂದು ಸಿಡಿಯುತ್ತದೆ. ಅದರಿಂದ ಹೊಮ್ಮುವ ಗಾಳಿಯ ಒತ್ತಡಕ್ಕೆ ರಾಕೆಟ್ಟಿನ ಚೂಪು ಮೂತಿ ಹಾರಿ, ಒಳಗಿನ ಪ್ಯಾರಾಚೂಟ್ ಹೊರಬರುತ್ತದೆ.

ಇಲ್ಲಿ ಸ್ವಲ್ಪ ಯೋಚಿಸಿ. ಕೊಳವೆಯೊಳಗೆ ಸಿಡಿದ ಗಾಳಿ ಮುಂದಕ್ಕೆ ಮಾತ್ರ ತಳ್ಳುತ್ತದೆಯೇ? ಇಲ್ಲ. ಮೂತಿಯನ್ನು ಮುಂದಕ್ಕೂ ಮೋಟಾರನ್ನು ಹಿಂದಕ್ಕೂ ತಳ್ಳುತ್ತದೆ. ಎರಡರಲ್ಲಿ ಯಾವುದು ಸಡಿಲವೋ ಅದು ಹೊರಗೆ ಹಾರುತ್ತದೆ. ಮೋಟಾರೇ ಹಾರಿಹೋದರೆ ಪ್ಯಾರಾಚೂಟ್ ಒಳಗೇ ಉಳಿದು, ರಾಕೆಟ್ ನೇರವಾಗಿ ನೆಲಕ್ಕೆ ಬೀಳುತ್ತದೆ.

ಕೆಲವು ರಾಕೆಟ್ಟುಗಳಲ್ಲಿ ಮೋಟಾರನ್ನು ಹಿಡಿಯಲು ಒಂದು ಕೊಕ್ಕೆ ಇರುತ್ತದೆ. ಕೊಕ್ಕೆ ಇಲ್ಲದಿದ್ದರೆ ಆ ಕೆಲಸ ಮಾಸ್ಕಿಂಗ್ ಟೇಪಿನದು. ಅದರ ದಪ್ಪ ಸುಮಾರು 0.15 ಮಿಲಿಮೀಟರ್. ಮೋಟಾರಿಗೆ ಒಂದು ಸುತ್ತು ಸುತ್ತಿದರೆ ಎರಡೂ ಬದಿ ಸೇರಿ ಅಡ್ಡಳತೆ ಸುಮಾರು 0.3 ಮಿಲಿಮೀಟರ್ ಹೆಚ್ಚುತ್ತದೆ. ಹೀಗೆ ಒಂದೊಂದೇ ಸುತ್ತು ಹೆಚ್ಚಿಸುತ್ತಾ, ಬಲವಾಗಿ ತಳ್ಳಿದರೆ ಮಾತ್ರ ಒಳಗೆ ಹೋಗುವಷ್ಟು ಬಿಗಿ ಮಾಡುತ್ತಾರೆ. ಅಲ್ಲಿ ಹಿಡಿಯುವುದು ಘರ್ಷಣೆ. ಮಾಸ್ಕಿಂಗ್ ಟೇಪಿನ ಮೇಲ್ಮೈ ತರಿತರಿ ಕಾಗದ, ಹಾಗಾಗಿ ಜಾರುವುದಿಲ್ಲ. ನುಣುಪು ಪ್ಲಾಸ್ಟಿಕ್ ಟೇಪು ಜಾರುತ್ತದೆ, ಬಿಸಿಗೆ ಮೆತ್ತಗೂ ಆಗುತ್ತದೆ.

ಮೂತಿಯ ಬುಡಕ್ಕೂ ಬೇಕಿದ್ದರೆ ಒಂದು ತುಂಡು ಟೇಪು ಹಚ್ಚಬಹುದು. ಆದರೆ ಅಲ್ಲಿ ಬಿಗಿ ಕಡಿಮೆ ಇರಬೇಕು. ರಾಕೆಟ್ಟನ್ನು ತಲೆಕೆಳಗೆ ಹಿಡಿದರೆ ಮೂತಿ ತಾನಾಗಿ ಬೀಳಬಾರದು, ಎರಡು ಬೆರಳಿನಿಂದ ಮೆಲ್ಲಗೆ ಎಳೆದರೆ ಸಲೀಸಾಗಿ ಬರಬೇಕು. ಮಳೆಗಾಲದ ತೇವಕ್ಕೆ ರಟ್ಟಿನ ಕೊಳವೆ ಉಬ್ಬುತ್ತದೆ. ಆದ್ದರಿಂದ ಈ ಪರೀಕ್ಷೆಯನ್ನು ಹಾರಿಸುವ ದಿನವೇ ಮಾಡಬೇಕು.

ಎರಡು ಹಂತದ ರಾಕೆಟ್ಟಿನಲ್ಲಿ ಇನ್ನೊಂದು ಸೊಗಸಿದೆ. ಕೆಳಗಿನ ಮೋಟಾರನ್ನೂ ಮೇಲಿನ ಮೋಟಾರನ್ನೂ ಒಂದೇ ಒಂದು ಸುತ್ತು ಸೆಲ್ಲೊಫೇನ್ ಟೇಪಿನಿಂದ ಜೋಡಿಸುತ್ತಾರೆ. ಕೆಳಗಿನದು ಉರಿದು ಮುಗಿಯುವಾಗ ಬಿಸಿ ಕಣಗಳು ಮುಂದಕ್ಕೆ ಚಿಮ್ಮಿ ಮೇಲಿನದನ್ನು ಹೊತ್ತಿಸಬೇಕು. ಟೇಪೇ ಇಲ್ಲದಿದ್ದರೆ, ಹೊತ್ತಿಕೊಳ್ಳುವ ಮೊದಲೇ ಕೆಳಗಿನ ಮೋಟಾರು ಬೇರೆಯಾಗಿಬಿಡುತ್ತದೆ. ಟೇಪು ಹೆಚ್ಚು ಸುತ್ತಿದರೆ, ಹೊತ್ತಿಕೊಂಡ ಮೇಲೂ ಎರಡೂ ಬೇರೆಯಾಗುವುದಿಲ್ಲ. ಒಂದು ತೆಳು ಸುತ್ತು ಬೇಕಾದಷ್ಟು ಹೊತ್ತು ಹಿಡಿದಿದ್ದು, ಒತ್ತಡ ಏರಿದಾಗ ಬಿಟ್ಟುಕೊಡುತ್ತದೆ.

ಬಣ್ಣದ ಗೆರೆ ಚೂಪಾಗಿರಲಿ

ಅಪೋಲೊ ಯಾತ್ರಿಕರನ್ನು ಚಂದ್ರನತ್ತ ಒಯ್ದ ಸ್ಯಾಟರ್ನ್ 5 ರಾಕೆಟ್ಟಿನ ಚಿತ್ರ ನೋಡಿದ್ದೀರಾ? ಬಿಳಿ ಮೈ ಮೇಲೆ ಕಪ್ಪು ಪಟ್ಟೆಗಳಿವೆ. ಅವು ಅಂದಕ್ಕೆ ಹಾಕಿದವಲ್ಲ. ರಾಕೆಟ್ ತನ್ನ ಸುತ್ತ ತಾನೇ ಉರುಳುತ್ತಿದೆಯೇ ಎಂಬುದು ಕ್ಯಾಮೆರಾಗಳಿಗೆ ಸ್ಪಷ್ಟವಾಗಿ ಕಾಣಲೆಂದು ಹಾಗೆ ಬಳಿದಿದ್ದರು. ನಿಮ್ಮ ಮಾದರಿಯ ಮೇಲೂ ಅಂಥ ಪಟ್ಟೆ ಬೇಕಿದ್ದರೆ ಟೇಪಿನ ಸಹಾಯ ಬೇಕು.

ಮಾಸ್ಕಿಂಗ್ ಟೇಪು ಹುಟ್ಟಿದ್ದೇ ಬಣ್ಣದ ಕೆಲಸಕ್ಕೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳಿಗೆ ಬೇಡಿಕೆ ಇತ್ತು. ಒಂದು ಬಣ್ಣ ಬಳಿಯುವಾಗ ಇನ್ನೊಂದನ್ನು ಮುಚ್ಚಲು ಅಂಟಿಸಿದ ಕಾಗದವನ್ನು ಕಿತ್ತರೆ ಕೆಳಗಿನ ಬಣ್ಣವೂ ಕಿತ್ತುಬರುತ್ತಿತ್ತು. ಮಿನೆಸೋಟದ ತ್ರೀಎಂ ಕಂಪನಿ ಆಗ ಮರಳುಕಾಗದ ಮಾಡುತ್ತಿತ್ತು. ಮರಳುಕಾಗದ ಪರೀಕ್ಷಿಸಲು ಕಾರಿನ ಗ್ಯಾರೇಜಿಗೆ ಹೋಗುತ್ತಿದ್ದ ರಿಚರ್ಡ್ ಡ್ರೂ ಎಂಬ ತರುಣ ಈ ಪೇಚಾಟ ನೋಡಿ, 1925ರಲ್ಲಿ ಮಾಸ್ಕಿಂಗ್ ಟೇಪು ಮಾಡಿದ. ಐದು ವರ್ಷದ ಬಳಿಕ ಪಾರದರ್ಶಕ ಸೆಲ್ಲೊಫೇನ್ ಟೇಪು ಮಾಡಿದವನೂ ಅವನೇ.

ಮಾಸ್ಕಿಂಗ್ ಟೇಪನ್ನು ಬೆಳಕಿಗೆ ಹಿಡಿದು ನೋಡಿ. ಮೈ ತುಂಬ ಸುಕ್ಕು. ಸುಕ್ಕಿರುವುದರಿಂದಲೇ ಅದು ಹಿಗ್ಗುತ್ತದೆ, ದುಂಡು ಕೊಳವೆಯ ಮೇಲೆ ಬಾಗಿ ಕೂರುತ್ತದೆ. ಆದರೆ ಅಂಚಿನಲ್ಲಿ ಒಂದೊಂದು ಸುಕ್ಕೂ ಸಣ್ಣ ಸುರಂಗ. ತೆಳು ಬಣ್ಣ ಆ ಸುರಂಗದೊಳಗೆ ತಾನಾಗಿ ನುಗ್ಗುತ್ತದೆ. ಇದನ್ನು ಲೋಮನಾಳ ಕ್ರಿಯೆ ಎನ್ನುತ್ತಾರೆ. ಹಾಗಾಗಿ ಗೆರೆ ಹಲ್ಲುಹಲ್ಲಾಗಿ ಬರುತ್ತದೆ. ಚೂಪು ಗೆರೆಗೆ ಸುಕ್ಕಿಲ್ಲದ ತೆಳು ಜಪಾನಿ ಕಾಗದದ ವಾಶಿ ಟೇಪು ಒಳ್ಳೆಯದು. ಬಳುಕುವ ಗೆರೆಗೆ ಹಿಗ್ಗುವ ವಿನೈಲ್ ಟೇಪು. ಅದನ್ನು ಜೋರಾಗಿ ಎಳೆದು ಹಚ್ಚಬೇಡಿ, ಮತ್ತೆ ಕುಗ್ಗಿ ಅಂಚು ಏಳುತ್ತದೆ.

ಇನ್ನೊಂದು ಉಪಾಯ ಹೇಳುತ್ತೇನೆ. ಮೊದಲು ಬಿಳಿ ಬಳಿದು ಚೆನ್ನಾಗಿ ಒಣಗಿಸಿ. ಟೇಪು ಹಚ್ಚಿ ಅಂಚನ್ನು ಉಜ್ಜಿ. ಈಗ ಅಂಚಿನ ಉದ್ದಕ್ಕೂ ಮತ್ತೆ ಅದೇ ಬಿಳಿ ಬಣ್ಣವನ್ನು ತೆಳ್ಳಗೆ ಬಳಿಯಿರಿ. ಅಂಚಿನ ಕೆಳಗೆ ನುಗ್ಗುವುದಿದ್ದರೆ ಬಿಳಿಯೇ ನುಗ್ಗಿ ಸಂದುಗಳನ್ನು ಮುಚ್ಚುತ್ತದೆ. ಬಿಳಿಯ ಮೇಲೆ ಬಿಳಿ ಕಾಣುವುದಿಲ್ಲ. ಅದು ಒಣಗಿದ ಮೇಲೆ ಬಳಿದ ಕಪ್ಪಿಗೆ ಒಳಗೆ ಹೋಗಲು ದಾರಿಯೇ ಇರುವುದಿಲ್ಲ.

ಬಿಡಿಸುವುದೂ ಒಂದು ವಿದ್ಯೆ

ಈಗ ಒಂದು ಪ್ರಯೋಗ. ಮೇಜಿಗೆ ಒಂದು ಟೇಪು ಹಚ್ಚಿ ಒತ್ತಿ, ತುದಿಯನ್ನು ಸ್ವಲ್ಪ ಹೊರಗೆ ಬಿಡಿ. ಮೊದಲು ತುದಿಯನ್ನು ಮೇಜಿಗೆ ಸಮನಾಗಿ, ಟೇಪಿನ ಉದ್ದಕ್ಕೇ ಎಳೆಯಿರಿ. ಬರುವುದೇ ಇಲ್ಲ! ಈಗ ತುದಿಯನ್ನು ಮೇಲೆತ್ತಿ ಸುಲಿಯಿರಿ. ಸುಲಭವಾಗಿ ಬರುತ್ತದೆ. ಉದ್ದಕ್ಕೆ ಎಳೆದಾಗ ಟೇಪಿನ ಇಡೀ ಮೈ ಸೇರಿ ತಡೆಯುತ್ತದೆ. ಸುಲಿದಾಗ ನಿಮ್ಮ ಬಲವೆಲ್ಲ ಒಂದು ತೆಳು ಗೆರೆಯ ಮೇಲೆ ಬೀಳುತ್ತದೆ. ಭಾಗಗಳನ್ನು ಜೋಡಿಸುವಾಗ ಎಳೆತ ಟೇಪಿನ ಉದ್ದಕ್ಕೆ ಬೀಳುವಂತೆ ಹಚ್ಚಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಅದೇ ಟೇಪನ್ನು ಮತ್ತೆ ಹಚ್ಚಿ, ಒಮ್ಮೆ ಸರ್ರನೆ, ಇನ್ನೊಮ್ಮೆ ಬಹಳ ನಿಧಾನವಾಗಿ ಸುಲಿಯಿರಿ. ಸರ್ರನೆ ಎಳೆದಾಗ ಹೆಚ್ಚು ಬಲ ಬೇಕಾಗುತ್ತದೆ, ಏಕೆಂದರೆ ಅಂಟಿಗೆ ಹರಿದು ಸರಿಯಲು ಸಮಯ ಸಿಗುವುದಿಲ್ಲ. ಆದ್ದರಿಂದ ಬಣ್ಣದ ಮೇಲಿನ ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ, ನಿಧಾನವಾಗಿ ಬಿಡಿಸಬೇಕು. ಬಣ್ಣ ಕೈಗೆ ಹತ್ತದಷ್ಟು ಒಣಗಿದಾಗಲೇ ಬಿಡಿಸಿದರೆ ಒಳ್ಳೆಯದು. ಪೂರ್ತಿ ಗಟ್ಟಿಯಾದ ಮೇಲೆ ಎಳೆದರೆ ಬಣ್ಣದ ಅಂಚು ಚಕ್ಕೆಯೇಳುತ್ತದೆ. ಅಂಟು ತೀರಾ ಜೋರಾಗಿದೆ ಅನ್ನಿಸಿದರೆ, ರಾಕೆಟ್ಟಿಗೆ ಹಚ್ಚುವ ಮೊದಲು ಶುಚಿಯಾದ ಬಟ್ಟೆಗೆ ಒಮ್ಮೆ ಹಚ್ಚಿ ತೆಗೆಯಿರಿ, ಕೊಂಚ ತಗ್ಗುತ್ತದೆ.

ಭಾರವನ್ನೂ ಮರೆಯಬೇಡಿ

ಡಕ್ಟ್ ಟೇಪು ಬಲು ಗಟ್ಟಿ, ಆದರೆ ಭಾರ. ರೆಕ್ಕೆ ಅಲ್ಲಾಡುತ್ತಿದೆ ಎಂದು ಬಾಲಕ್ಕೆ ಅದನ್ನು ಸುತ್ತಿದರೆ ಏನಾಗುತ್ತದೆ? ರಾಕೆಟ್ ನೇರ ಹಾರಬೇಕಾದರೆ ಅದರ ಭಾರಕೇಂದ್ರ (ಬೆರಳ ಮೇಲೆ ಸಮತೂಗುವ ಜಾಗ), ಗಾಳಿಯ ಒತ್ತಡದ ಕೇಂದ್ರಕ್ಕಿಂತ (ಗಾಳಿಯ ತಳ್ಳುವಿಕೆಯೆಲ್ಲ ಸೇರಿ ಬೀಳುವ ಜಾಗಕ್ಕಿಂತ) ಕೊಳವೆಯ ಒಂದು ಅಡ್ಡಳತೆಯಷ್ಟಾದರೂ ಮುಂದಿರಬೇಕು. ಬಾಲ ಭಾರವಾದರೆ ಭಾರಕೇಂದ್ರ ಹಿಂದೆ ಸರಿದು, ರಾಕೆಟ್ ಮೇಲೇರುವ ಬದಲು ಪಲ್ಟಿ ಹೊಡೆಯುತ್ತದೆ. ಗಟ್ಟಿ ಟೇಪೆಲ್ಲ ಒಳ್ಳೆಯ ಟೇಪಲ್ಲ.

ಒಂದು ಎಚ್ಚರಿಕೆಯ ಮಾತು: ಮದ್ದಿನ ಮೋಟಾರನ್ನು ಮನೆಯಲ್ಲಿ ಮಾಡಲು ಎಂದೂ ಹೋಗಬೇಡಿ. ಪಟಾಕಿ ಬಿಚ್ಚಿ ಮದ್ದು ತೆಗೆಯುವುದೂ ಬೇಡ, ಅದು ಕೈ ಕಣ್ಣು ಕಳೆಯುವ ಕೆಲಸ. ಶಾಲೆಯಲ್ಲಿ ಶಿಕ್ಷಕರ ಜೊತೆ ಸೋಡಾ ಬಾಟಲಿಯ ನೀರಿನ ರಾಕೆಟ್ ಮಾಡಿ ನೋಡಿ. ಅಲ್ಲಿ ರೆಕ್ಕೆ ಜೋಡಿಸಲು ಟೇಪೇ ಉತ್ತಮ, ಏಕೆಂದರೆ ಬಿಸಿ ಅಂಟಿನಂಥವು ಬಾಟಲಿಯ ಪ್ಲಾಸ್ಟಿಕ್ಕನ್ನು ದುರ್ಬಲ ಮಾಡಬಲ್ಲವು. ಆದರೆ ಸೋರುವ ಅಥವಾ ಗೀರು ಬಿದ್ದ ಬಾಟಲಿಗೆ ಟೇಪು ಸುತ್ತಿ ಗಾಳಿ ತುಂಬಬೇಡಿ. ಒಳಗಿನ ಒತ್ತಡವನ್ನು ಟೇಪು ತಡೆಯಲಾರದು. ಅಂಥ ಬಾಟಲಿಯನ್ನು ಬದಿಗಿಡಿ.

ಕೊನೆಗೆ ನಿಮಗೊಂದು ಕೆಲಸ. ಅಂಗಡಿಯಲ್ಲಿ ಸಿಗುವ ಬೇರೆ ಬೇರೆ ಟೇಪುಗಳ ತುಂಡುಗಳನ್ನು ಬಣ್ಣ ಬಳಿದ ಎರಡು ರಟ್ಟುಗಳಿಗೆ ಹಚ್ಚಿ. ಒಂದನ್ನು ಬಿಸಿಲಲ್ಲಿಡಿ, ಇನ್ನೊಂದನ್ನು ನೆರಳಲ್ಲಿಡಿ. ವಾರದ ಬಳಿಕ ಒಂದೊಂದನ್ನೇ ಬಿಡಿಸಿ, ಯಾವುದು ಬಣ್ಣ ಕಿತ್ತಿತು, ಯಾವುದು ಅಂಟು ಉಳಿಸಿತು, ಯಾವುದು ಶುಚಿಯಾಗಿ ಬಂತು ಎಂದು ಪಟ್ಟಿ ಮಾಡಿ. ನಿಮ್ಮ ಮುಂದಿನ ರಾಕೆಟ್ಟಿಗೆ ಯಾವ ಟೇಪು ಎಂಬ ಪ್ರಶ್ನೆಗೆ ಆ ಪಟ್ಟಿಯೇ ಉತ್ತರ ಹೇಳುತ್ತದೆ.